ಪ್ರತಿಕ್ರಿಯೆ: ಪ್ಲಾನಿಂಗ್ ಅರ್ಜಿ ವಾಪಸ್ ಬಂದರೆ

ಇಂಗ್ಲೆಂಡಿನಲ್ಲಿ ಮನೆ ಹಿಂದೆ ಒಂದು ಕೋಣೆ ಕಟ್ಟಲು ಅರ್ಜಿ ಹಾಕಿದ್ದೀರಿ, ಕೌನ್ಸಿಲ್ (ಸ್ಥಳೀಯ ಆಡಳಿತ) 'ಇನ್‌ವ್ಯಾಲಿಡ್' ಎಂದಿದೆ, ಬೇಗ ಮುಗಿಸುವುದು ಹೇಗೆ ಎಂದು ಕೇಳಿದ್ದೀರಿ. ಗಾಬರಿ ಬೇಡ, ಇದು ನಿರಾಕರಣೆ ಅಲ್ಲ. ಕಾಗದ ಪೂರ್ತಿ ಇಲ್ಲ ಎಂದಷ್ಟೇ ಅರ್ಥ. ಆದರೆ ಕೌನ್ಸಿಲ್ ತೀರ್ಮಾನ ಕೊಡಬೇಕಾದ 8 ವಾರದ ಗಡುವು ಶುರುವಾಗುವುದು ಅರ್ಜಿ ವ್ಯಾಲಿಡ್ ಆದ ಮೇಲೆ. ಹಾಗಾಗಿ ನಿಮ್ಮ ಸಮಯ ಹೋಗುತ್ತಿರುವುದು ಇಲ್ಲೇ.

ಮೊದಲು ಲೊಕೇಶನ್ ಪ್ಲಾನ್, ಅಂದರೆ ಜಾಗ ಎಲ್ಲಿದೆ ಎಂದು ತೋರಿಸುವ ನಕ್ಷೆ, ನೋಡಿ. ಸಾಮಾನ್ಯವಾಗಿ 1:1250 ಅಳತೆಯಲ್ಲಿರಬೇಕು, ಉತ್ತರ ದಿಕ್ಕಿನ ಗುರುತು ಇರಬೇಕು. ಕೆಂಪು ಗೆರೆ ಹೊಸ ಕೋಣೆಯ ಸುತ್ತ ಮಾತ್ರ ಎಳೆದರೆ ಸಾಲದು. ಇಡೀ ಜಾಗ, ಸಾರ್ವಜನಿಕ ರಸ್ತೆಗೆ ಹೋಗುವ ದಾರಿ ಎಲ್ಲ ಅದರೊಳಗೆ ಬರಬೇಕು. ಪಕ್ಕದಲ್ಲಿ ನಿಮ್ಮದೇ ಬೇರೆ ಜಾಗ ಇದ್ದರೆ ಅದಕ್ಕೆ ನೀಲಿ ಗೆರೆ.

ಆಮೇಲೆ ಮಾಲೀಕತ್ವದ ಸರ್ಟಿಫಿಕೇಟ್. ಜಾಗ ಪೂರ್ತಿ ನಿಮ್ಮದಾದರೆ 'ಎ' ಸಾಕು. ಪಾಯವೋ ಗಟರೋ ಒಂದಿಷ್ಟು ಪಕ್ಕದವರ ಕಡೆ ಚಾಚಿದರೂ 'ಬಿ' ಬೇಕು, ಅವರಿಗೆ ನೋಟಿಸ್ ಕೊಡಬೇಕು. ಸುಮ್ನೆ 'ಎ' ಟಿಕ್ ಮಾಡಬೇಡಿ, ತಪ್ಪು ಸರ್ಟಿಫಿಕೇಟ್ ಕೊಟ್ಟರೆ ಮುಂದೆ ಅನುಮತಿಯನ್ನೇ ಪ್ರಶ್ನಿಸಬಹುದು.

ಕೌನ್ಸಿಲ್‌ನಿಂದ ನೋಟಿಸ್ ಬರುವ ಮೊದಲೇ ನೆರೆಯವರಿಗೆ ನಕ್ಷೆ ತೋರಿಸಿಬಿಡಿ. ಕಿಟಕಿ ಯಾರ ಕಡೆ ತೆರೆಯುತ್ತದೆ ಅನ್ನೋದೇ ಜಾಸ್ತಿ ಜಗಳದ ಮೂಲ, ಅಲ್ವಾ?

ಅಂದ ಹಾಗೆ, ಕೋಣೆ ಚಿಕ್ಕದಾದರೆ 'ಪರ್ಮಿಟೆಡ್ ಡೆವಲಪ್‌ಮೆಂಟ್' ಅಡಿ ಬರುತ್ತದಾ ನೋಡಿದ್ದೀರಾ? ಬಂದರೆ ಪ್ಲಾನಿಂಗ್ ಅರ್ಜಿಯೇ ಬೇಕಾಗಲಿಕ್ಕಿಲ್ಲ. ಆದರೆ ಫ್ಲ್ಯಾಟ್‌ಗಳಿಗೆ ಆ ಸೌಲಭ್ಯ ಇಲ್ಲ. ಕೌನ್ಸಿಲ್ ಪತ್ರದಲ್ಲಿ ಏನು ಕೊರತೆ ಎಂದು ಬರೆದಿದ್ದಾರೆ, ಅದನ್ನು ಇಲ್ಲಿ ಹಾಕಿ, ನೋಡೋಣ.