ಮರದ ಪಕ್ಕ ಪೈಪ್‌ಲೈನ್ ಅಗೆಯುವಾಗ ಬುಡದಿಂದ ಎಷ್ಟು ದೂರ ಬಿಡಬೇಕು?

ಒಂದು ಮೀಟರ್ ಬಿಟ್ಟರೆ ಸಾಕೇ ಎಂದು ಕೇಳಿದ್ದೀರಿ. ಸಾಲದು. ಎದೆಮಟ್ಟದಲ್ಲಿ, ಅಂದರೆ ನೆಲದಿಂದ ಸುಮಾರು 1.4 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆ ಅಳೆಯಿರಿ. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ವ್ಯಾಸದ 12 ಪಟ್ಟು ದೂರ ಬಿಡುವುದು ರೂಢಿ. ನಿಮ್ಮ ಮರದ ಸುತ್ತಳತೆ 157 ಸೆಂ.ಮೀ. ಅಂದಿದ್ದೀರಿ. ವ್ಯಾಸ 50 ಆಯಿತು, ಬಿಡಬೇಕಾದ್ದು ಸುತ್ತಲೂ 6 ಮೀಟರ್.

ಇಷ್ಟೊಂದಾ ಅನ್ನಿಸಬಹುದು. ಮೇಲೆ ಕೊಂಬೆ ಹೇಗೋ ಕೆಳಗೆ ಬೇರೂ ಹಾಗೇ ಆಳಕ್ಕಿಳಿದಿರುತ್ತದೆ ಅಂತ ಶಾಲೆಯ ಚಿತ್ರ ನೋಡಿ ನಂಬಿಬಿಟ್ಟಿರುತ್ತೇವೆ. ನೀರು ಹೀರುವ ಸಣ್ಣ ಬೇರುಗಳಲ್ಲಿ ಬಹುಪಾಲು ಇರುವುದು ಮೇಲಿನ 60 ಸೆಂ.ಮೀ. ಮಣ್ಣಿನಲ್ಲಿ, ಚಾಪೆ ಹಾಸಿದ ಹಾಗೆ ಮರದ ನೆರಳನ್ನೂ ದಾಟಿ ಹರಡಿರುತ್ತವೆ. ಬುಡದ ಪಕ್ಕದಲ್ಲೇ ಉದ್ದಕ್ಕೆ ಅಗೆದರೆ ಆ ಕಡೆಯ ಬೇರೆಲ್ಲ ಹೋದಂತೆಯೇ. ಮರ ಮಾತ್ರ ಹಸಿರಾಗಿಯೇ ನಿಂತಿರುತ್ತದೆ. ಎರಡು ಮೂರು ವರ್ಷದ ಮೇಲೆ ತುದಿಕೊಂಬೆ ಒಣಗತೊಡಗಿದಾಗ ಆ ಗುಂಡಿ ಯಾರಿಗೂ ನೆನಪಿರುವುದಿಲ್ಲ.

ಜಾಗ ಕಿರಿದಾಗಿ 6 ಮೀಟರ್ ಸಿಗದಿದ್ದರೆ ಅಷ್ಟು ಭಾಗಕ್ಕೆ ಜೆಸಿಬಿ ಬೇಡ, ಹಾರೆ ಗುದ್ದಲಿಯಲ್ಲಿ ತೋಡಿಸಿ. ತಡವಾಗುತ್ತದೆ ಅಂತ ಗುತ್ತಿಗೆದಾರರು ಗೊಣಗುತ್ತಾರೆ, ಗೊಣಗಲಿ. ಜೆಸಿಬಿ ಬಕೆಟ್ ಬೇರನ್ನು ಕತ್ತರಿಸುವುದಿಲ್ಲ, ಜಗ್ಗಿ ಸೀಳುತ್ತದೆ. ಸೀಳು ಬುಡದ ಕಡೆಗೆ ಓಡಿ ಅಲ್ಲಿಂದ ಕೊಳೆ ಹತ್ತುತ್ತದೆ. ಹೆಬ್ಬೆರಳಿಗಿಂತ ದಪ್ಪ, ಅಂದರೆ 2.5 ಸೆಂ.ಮೀ. ಮೇಲ್ಪಟ್ಟ ಬೇರು ಸಿಕ್ಕರೆ ಕಡಿಯದೆ ಅದರ ಅಡಿಯಿಂದಲೇ ಪೈಪ್ ತೂರಿಸಿ. ಸಣ್ಣವನ್ನು ಹರಿತವಾದ ಗರಗಸದಲ್ಲಿ ನೀಟಾಗಿ ಕತ್ತರಿಸಿ. ಅದೇ ದಿನ ಮಣ್ಣು ಮುಚ್ಚಲಾಗದಿದ್ದರೆ ಬೇರಿನ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ತೆಗೆದ ಮಣ್ಣನ್ನು ಬುಡಕ್ಕೆ ರಾಶಿ ಹಾಕಿಸಬೇಡಿ, ಬೇರಿಗೆ ಗಾಳಿಯಾಡುವುದಿಲ್ಲ.

ಬೇರು ಹೋದಷ್ಟು ಕೊಂಬೆಯನ್ನೂ ಇಳಿಸಿ ಎನ್ನುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಹೊಸ ಬೇರು ಬಿಡಲು ಬೇಕಾದ ಆಹಾರ ಎಲೆಯಲ್ಲೇ ತಯಾರಾಗಬೇಕು. ಒಣಗಿದ, ಮುರಿದ ಕೊಂಬೆ ಮಾತ್ರ ತೆಗೆಸಿ. ಬುಡಕ್ಕೆ ಹತ್ತಿರದ ತೋಳುಗಾತ್ರದ ಬೇರುಗಳೇ ತುಂಡಾಗಿದ್ದರೆ ಮಾತು ಬೇರೆ. ಗಾಳಿಗೆ ಉರುಳುವ ಅಪಾಯವಿದೆ, ತಿಳಿದವರಿಂದ ತಪಾಸಣೆ ಮಾಡಿಸಿ.

ಇನ್ನು, ಮರದ ಬುಡಕ್ಕೆ ಅಂಟಿದಂತೆ ಕಾಂಕ್ರೀಟ್ ಹಾಕಿದ್ದರೆ ಅದನ್ನೂ ತೆಗೆಸಿ, ಹೊರ ಅಂಚಿನಿಂದ ಒಡೆಯುತ್ತ ಒಳಗೆ ಬನ್ನಿ. ಕೊನೆಯ ಒಂದಡಿಗೆ ಉಳಿ ಸುತ್ತಿಗೆಯೇ ಸರಿ. ಸುತ್ತ ಕನಿಷ್ಠ ಒಂದು ಮೀಟರ್ ತೆರೆದ ಮಣ್ಣಿರಲಿ, ಮೇಲೆ ಐದಾರು ಸೆಂ.ಮೀ. ತರಗೆಲೆ ಹೊದಿಸಿ. ಅದು ತೊಗಟೆಗೆ ತಾಗದಂತೆ ಒಂದು ಗೇಣು ಬಿಡಿ, ತಾಗಿದರೆ ತೊಗಟೆ ಕೊಳೆಯುತ್ತದೆ.