ಗುಲಾಬಿ ನನಗೆ ಒಪ್ಪುತ್ತಾ?

ಫೆಬ್ರುವರಿ ಹೊತ್ತಿಗೆ ಬೆಂಗಳೂರಿನ ಟಬೆಬುಯಾ ಮರಗಳು ಎಲೆ ಉದುರಿಸಿ, ಮೈತುಂಬ ಗುಲಾಬಿ ಹೂ ಹೊತ್ತು ನಿಲ್ಲುತ್ತವೆ. ಅದರ ಪ್ರಭಾವವೋ, ಮದುವೆ ಸೀಸನ್ನಿನದೋ, ಈ ಸಲ ಬಂದ ಪತ್ರಗಳಲ್ಲಿ ಇದೇ ಬಣ್ಣದ ಮಾತು ಜಾಸ್ತಿ. ನಾಲ್ಕನ್ನು ಆರಿಸಿಕೊಂಡಿದ್ದೇನೆ.

ನನಗೆ 34 ವರ್ಷ. ನಾದಿನಿಯ ಮದುವೆಗೆ ತಿಳಿ ಗುಲಾಬಿ ಕುರ್ತಾ ಹೊಲಿಸುವ ಆಸೆ. ಅಮ್ಮ "ಅದು ಹೆಣ್ಣುಮಕ್ಕಳ ಬಣ್ಣ ಕಣೋ" ಅಂತಾರೆ. ಹೆಂಡತಿ "ಚೆನ್ನಾಗಿರುತ್ತೆ, ಹೊಲಿಸಿ" ಅಂತಾಳೆ. ಯಾರ ಮಾತು ಕೇಳಲಿ?
– ಓದುಗರು, ವಿಜಯನಗರ

ಹೆಂಡತಿಯ ಮಾತು ಕೇಳಿ. (ಇದು ಕುರ್ತಾಕ್ಕೆ ಮಾತ್ರ. ಮನೆಯ ಬೇರೆ ವಿಷಯಗಳ ಜವಾಬ್ದಾರಿ ನನ್ನದಲ್ಲ.)

ಅಮ್ಮ ಹೇಳುವ ನಿಯಮ ಅಷ್ಟೇನೂ ಹಳೆಯದಲ್ಲ, ನಮ್ಮದೂ ಅಲ್ಲ. 1918ರಲ್ಲಿ ಅಮೆರಿಕದಲ್ಲಿ ಮಕ್ಕಳ ಬಟ್ಟೆ ವ್ಯಾಪಾರಿಗಳಿಗೆಂದೇ ಇದ್ದ ಒಂದು ಪತ್ರಿಕೆ ಇದಕ್ಕೆ ಪೂರ್ತಿ ಉಲ್ಟಾ ಬರೆದಿತ್ತು. ಗುಲಾಬಿ ಗಟ್ಟಿ ಬಣ್ಣ, ಅದು ಗಂಡುಮಗುವಿಗೆ. ನೀಲಿ ನಾಜೂಕು, ಅದು ಹೆಣ್ಣುಮಗುವಿಗೆ ಅಂತ. ಯೋಚಿಸಿದರೆ ಅದಕ್ಕೂ ಅರ್ಥವಿದೆ. ಗುಲಾಬಿ ಅಂದರೆ ಮರಿ ಕೆಂಪು ತಾನೇ? ಅದಕ್ಕೂ ಹಿಂದೆ, 18ನೇ ಶತಮಾನದ ಯುರೋಪಿನಲ್ಲಿ ಶ್ರೀಮಂತ ಗಂಡಸರು ಗುಲಾಬಿ ರೇಷ್ಮೆಯ ಕೋಟು ತೊಟ್ಟು, ಅದಕ್ಕೆ ಕಸೂತಿ ಬೇರೆ ಹಾಕಿಸಿಕೊಂಡು ಓಡಾಡುತ್ತಿದ್ದರು. ಗುಲಾಬಿ ಹೆಂಗಸರದೇ ಅಂತ ಗಟ್ಟಿಯಾಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1953ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರ ಪತ್ನಿ ಮೇಮಿ, ಗಂಡನ ಪದಗ್ರಹಣದ ಸಮಾರಂಭಕ್ಕೆ ಹರಳು ಕೂರಿಸಿದ ಗುಲಾಬಿ ಗೌನು ತೊಟ್ಟಿದ್ದರು. ಆ ಬಣ್ಣಕ್ಕೆ ಅವರ ಹೆಸರೇ ಅಂಟಿಕೊಂಡಿತು. ಉಳಿದದ್ದನ್ನು ಜಾಹೀರಾತಿನವರು, ಆಟಿಕೆಯವರು ಮಾಡಿದರು.

ನಮ್ಮ ದೇಶದಲ್ಲಿ ಗುಲಾಬಿಗೆ ಇಂಥ ಬೇಲಿಯೇ ಇರಲಿಲ್ಲ. ರಾಜಸ್ಥಾನದಲ್ಲಿ ಮೀಸೆ ತಿರುವಿದ ಅಜ್ಜಂದಿರು ಅಪ್ಪಟ ಗುಲಾಬಿ ಪೇಟ ಸುತ್ತುತ್ತಾರೆ. ಅವರಿಗೆ ಯಾರೂ ಏನೂ ಹೇಳುವುದಿಲ್ಲ, ಹೇಳುವ ಧೈರ್ಯವೂ ಇರಲಿಕ್ಕಿಲ್ಲ. ಅಮೆರಿಕದ ವೋಗ್ ಪತ್ರಿಕೆಯ ಸಂಪಾದಕಿಯಾಗಿದ್ದ ಡಯಾನಾ ವ್ರೀಲ್ಯಾಂಡ್ ಅಂತೂ ಭಾರತಕ್ಕೆ ಗುಲಾಬಿಯೇ ನೇವಿ ಬ್ಲೂ ಅಂದಿದ್ದರು. ಅವರ ಊರಿನಲ್ಲಿ ನೇವಿ ಬ್ಲೂ ಎಲ್ಲರೂ ಹಾಕುವ ಬಣ್ಣ, ಇಲ್ಲಿ ಗುಲಾಬಿ ಹಾಗೆ ಅಂತ.

ಇನ್ನು ಕೆಲಸದ ಮಾತು. ಮಿಂಚುವ ಬಟ್ಟೆ ಬೇಡ. ಲಿನನ್ ಅಥವಾ ಕಾಟನ್-ಸಿಲ್ಕ್ ತಗೊಳ್ಳಿ. ತೀರಾ ತಿಳಿ ಗುಲಾಬಿ ಛತ್ರದ ವಿಡಿಯೋ ಲೈಟಿನಲ್ಲಿ ಬಿಳಿ ಕಾಣುತ್ತದೆ. ಅದಕ್ಕೆ ಒಂದು ಮೆಟ್ಟಿಲು ಗಾಢವಾದ, ಅಂಗಡಿಯವರು ಈರುಳ್ಳಿ ಬಣ್ಣ ಅನ್ನುತ್ತಾರಲ್ಲ, ಅದನ್ನು ಹೊಲಿಸಿ. ಕೆಳಗೆ ಕೆನೆ ಬಣ್ಣದ ಜರಿ ಪಂಚೆ ಸಾಕು. ಅಮ್ಮನಿಗೆ "ಇದು ಗುಲಾಬಿ ಅಲ್ಲಮ್ಮ, ಈರುಳ್ಳಿ" ಅನ್ನಬಹುದು.

ಚಿಕ್ಕಪೇಟೆಯಲ್ಲಿ ರಾಣಿ ಪಿಂಕ್ ರೇಷ್ಮೆ ಸೀರೆ ತಂದೆ. ಮನೆಗೆ ಬಂದು ಬಿಚ್ಚಿದರೆ ನೇರಳೆ ಕಡೆ ವಾಲಿದೆ. ಪ್ಯಾಕ್ ಮಾಡುವಾಗ ಸೀರೆ ಬದಲಾಯಿಸಿಬಿಟ್ಟರಾ?
– ಓದುಗರು, ರಾಜಾಜಿನಗರ

ಸೀರೆ ಅದೇ ಇರಬೇಕು. ಬದಲಾಗಿದ್ದು ಬೆಳಕು.

ಕಾಮನಬಿಲ್ಲಿನಲ್ಲಿ ಹುಡುಕಿ ನೋಡಿ, ಗುಲಾಬಿ ಸಿಗುವುದಿಲ್ಲ. ಅದಕ್ಕೆ ತನ್ನದೇ ಆದ ಒಂದು ಬೆಳಕಿಲ್ಲ. ರಾಣಿ ಬಣ್ಣದ ಬಟ್ಟೆ ಹಸಿರು ಬೆಳಕನ್ನು ನುಂಗಿಕೊಂಡು, ಕೆಂಪನ್ನೂ ನೀಲಿಯನ್ನೂ ನಮ್ಮ ಕಣ್ಣಿಗೆ ಕಳಿಸುತ್ತದೆ. ಎರಡೂ ಸೇರಿದ್ದನ್ನು ನಾವು ರಾಣಿ ಅನ್ನುತ್ತೇವೆ. ಅಂಗಡಿಯ ಹಳದಿ ದೀಪದಲ್ಲಿ ನೀಲಿ ಅಂಶ ಕಡಿಮೆ. ಅಲ್ಲಿ ಸೀರೆ ಕೆಂಪು ಕಡೆಗೆ ಕಾಣುತ್ತದೆ. ಮನೆಯ ಬಿಳಿ ಟ್ಯೂಬ್‌ಲೈಟಿಗೆ, ಹಗಲ ಬೆಳಕಿಗೆ ಬಂದಾಗ ಒಳಗಿದ್ದ ನೀಲಿ ಎದ್ದು ಕೂರುತ್ತದೆ. ಸಾಲದ್ದಕ್ಕೆ ಕೆಲವು ರೇಷ್ಮೆಯಲ್ಲಿ ಹಾಸು ಒಂದು ಬಣ್ಣ, ಹೊಕ್ಕು ಇನ್ನೊಂದು. ಮಡಿಕೆ ಬಿಚ್ಚಿ ಅಲುಗಾಡಿಸಿದರೇನೇ ನಿಜ ಗೊತ್ತಾಗುವುದು.

ಇದನ್ನು ಪಾಠ ಮಾಡುವ ನಾನೇ ಒಮ್ಮೆ ಏಮಾರಿದ್ದೇನೆ. ತಂಗಿಯ ನಿಶ್ಚಿತಾರ್ಥಕ್ಕೆ ಅಂಗಡಿಯ ದೀಪದಡಿ ಸೀರೆಗೆ ಬ್ಲೌಸ್ ಪೀಸ್ ಮ್ಯಾಚ್ ಮಾಡಿ ತಂದೆ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ. ಬಯಲಿನಲ್ಲಿ ಚಪ್ಪರ ಹಾಕಿದ್ದರು. ಬಿಸಿಲಿಗೆ ಬಂದಳು ನೋಡಿ, ಸೀರೆ ಒಂದು ದಾರಿ, ಬ್ಲೌಸ್ ಒಂದು ದಾರಿ! ಎರಡಕ್ಕೂ ಹಾಕಿದ್ದ ಡೈ ಬೇರೆ ಬೇರೆ, ಒಂದು ದೀಪದಲ್ಲಿ ಮಾತ್ರ ಒಂದೇ ಥರ ಕಂಡಿದ್ದವು. ತಂಗಿ ಈಗಲೂ ಆ ಫೋಟೋ ತೋರಿಸುತ್ತಾಳೆ.

ಹಾಗಾಗಿ ಹಗಲಲ್ಲಿ ಹೋಗಿ. ಚಿಕ್ಕಪೇಟೆಯ ಓಣಿಗಳಲ್ಲಿ ಅಂಗಡಿ ಬಾಗಿಲಿಗೂ ಬಿಸಿಲು ಸರಿಯಾಗಿ ಬೀಳುವುದಿಲ್ಲ. ಸಂಕೋಚ ಬಿಟ್ಟು "ಹೊರಗೆ ತಂದು ತೋರಿಸಿ" ಅನ್ನಿ. ಒಳ್ಳೆಯ ಅಂಗಡಿಯವರು ಇಲ್ಲ ಅನ್ನುವುದಿಲ್ಲ. ಮ್ಯಾಚಿಂಗಿಗೆ ಸೀರೆಯನ್ನೇ ಒಯ್ಯಿರಿ. ಫೋನಿನ ಫೋಟೋ ನಂಬಬೇಡಿ, ರಾಣಿ ಬಣ್ಣದ ವಿಷಯದಲ್ಲಿ ಅದು ಸುಳ್ಳು ಹೇಳುವುದೇ ಜಾಸ್ತಿ.

ಈ ಕಡು ಗುಲಾಬಿಯ ಕಥೆಯೂ ಚೆಂದ. ಮೊದಲು ಗುಲಾಬಿ ಬೇಕೆಂದರೆ ಕುಸುಬೆ ಹೂವಿನ ಎಸಳೋ ಅರಗೋ ಬೇಕಿತ್ತು. ಉತ್ತರ ಕರ್ನಾಟಕದಲ್ಲಿ ಎಣ್ಣೆಗೆ ಬೆಳೆಯುತ್ತಾರಲ್ಲ, ಅದೇ ಕುಸುಬೆ. ಕಣ್ಣಿಗೆ ಹಬ್ಬ, ಆದರೆ ಬಿಸಿಲಿಗೆ ಬೇಗ ಮಾಸುತ್ತಿತ್ತು. 1859ರಲ್ಲಿ ಫ್ರಾನ್ಸಿನ ವರ್ಗ್ಯಾಂ ಎಂಬ ರಸಾಯನ ತಜ್ಞ ಹೊಸ ಕಡು ಗುಲಾಬಿ ಡೈ ಕಂಡುಹಿಡಿದ. ಅದೇ ವರ್ಷ ಇಟಲಿಯ ಮಜೆಂಟಾ ಊರಿನಲ್ಲಿ ನಡೆದ ಯುದ್ಧದ ಹೆಸರು ಅದಕ್ಕೆ ಬಿತ್ತು. ನಾವು ಸುಮ್ನೆ ಮಜೆಂತಾ ಮಜೆಂತಾ ಅನ್ನುತ್ತೇವೆ, ಹಿಂದೆ ರಣರಂಗವಿದೆ. 1937ರಲ್ಲಿ ಪ್ಯಾರಿಸ್ಸಿನ ವಿನ್ಯಾಸಕಿ ಎಲ್ಸಾ ಸ್ಕಿಯಾಪರೆಲ್ಲಿ ಇಂಥದೇ ಕಡು ಗುಲಾಬಿಗೆ 'ಶಾಕಿಂಗ್' ಅಂತ ಹೆಸರಿಟ್ಟಾಗ ಅಲ್ಲಿನವರು ಹುಬ್ಬೇರಿಸಿದರು. ನಮ್ಮ ಅಜ್ಜಿಯರು ಅದನ್ನೇ ಉಟ್ಟು ಆರಾಮಾಗಿ ಅರಿಶಿನ-ಕುಂಕುಮಕ್ಕೆ ಹೋಗಿಬರುತ್ತಿದ್ದರು.

ಐದು ವರ್ಷದ ಮಗಳಿಗೆ ಚಪ್ಪಲಿಯಿಂದ ಟಿಫಿನ್ ಡಬ್ಬಿವರೆಗೆ ಎಲ್ಲಾ ಪಿಂಕೇ ಆಗಬೇಕು. ನಾವು ಹೆಣ್ಣು-ಗಂಡು ಅಂತ ಭೇದ ಮಾಡಿ ಬೆಳೆಸಿಲ್ಲ. ಎಲ್ಲಿ ತಪ್ಪಿದೆವು?
– ಓದುಗರು, ವೈಟ್‌ಫೀಲ್ಡ್

ಎಲ್ಲೂ ಇಲ್ಲ. ಆ ವಯಸ್ಸಿನಲ್ಲಿ ಮಕ್ಕಳು ತಾವು ಯಾವ ಗುಂಪಿನವರು ಅಂತ ಹುಡುಕುತ್ತಿರುತ್ತಾರೆ. ಅಂಗಡಿಯೂ ಪಕ್ಕದ ಮನೆಯ ಪುಟ್ಟಿಯೂ ಅವಳಿಗೆ ಉತ್ತರ ಕೊಟ್ಟಾಗಿದೆ. ಬೇಡ ಅಂದಷ್ಟೂ ಹಟ ಜಾಸ್ತಿಯಾಗುತ್ತದೆ, ಬಿಟ್ಟುಬಿಡಿ.

ನೀವು ನೋಡಬೇಕಾದ್ದು ಬೆಲೆಯ ಚೀಟಿ. 2015ರಲ್ಲಿ ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರ ಇಲಾಖೆ ಸುಮಾರು 800 ವಸ್ತುಗಳನ್ನು ಹೋಲಿಸಿತ್ತು. ಹೆಣ್ಣುಮಕ್ಕಳಿಗೆಂದು ಮಾರುವ ಮಾಲಿಗೆ ಸರಾಸರಿ ಶೇ 7ರಷ್ಟು ಹೆಚ್ಚು ಬೆಲೆ ಇತ್ತು. ಪಿಂಕ್ ಸೈಕಲ್ಲಿನ ಪಕ್ಕದಲ್ಲೇ ಇರುವ ಕೆಂಪು ಸೈಕಲ್ಲಿನ ಬೆಲೆಯನ್ನೂ ಕೇಳಿ.

ಅವಳು ದೊಡ್ಡವಳಾದ ಮೇಲೆ ಈ ಬಣ್ಣದ ಇನ್ನೊಂದು ಮುಖವನ್ನೂ ತೋರಿಸಿ. ಉತ್ತರ ಪ್ರದೇಶದ ಬಾಂದಾ ಜಿಲ್ಲೆಯ ಗುಲಾಬಿ ಗ್ಯಾಂಗಿನ ಹೆಂಗಸರು ಇದೇ ಬಣ್ಣದ ಸೀರೆಯುಟ್ಟು, ಕೈಯಲ್ಲಿ ಲಾಠಿ ಹಿಡಿದು ಹೆಂಡತಿಗೆ ಹೊಡೆಯುವ ಗಂಡಂದಿರ ಮನೆ ಮುಂದೆ ನಿಂತವರು. ನಮ್ಮಲ್ಲೂ 2009ರ ಜನವರಿಯಲ್ಲಿ ಮಂಗಳೂರಿನ ಪಬ್ಬಿನಲ್ಲಿ ಹುಡುಗಿಯರ ಮೇಲೆ ದಾಳಿ ಆಯಿತಲ್ಲ, ಅದಕ್ಕೆ ಉತ್ತರವಾಗಿ ಪ್ರೇಮಿಗಳ ದಿನಕ್ಕೆ ದೇಶದ ನಾನಾ ಕಡೆಯಿಂದ ಹೆಣ್ಣುಮಕ್ಕಳು ದಾಳಿ ಮಾಡಿದ ಸಂಘಟನೆಯವರಿಗೆ ಪಾರ್ಸಲ್ ಮಾಡಿದ್ದು ಗುಲಾಬಿ ಚಡ್ಡಿ. ನಾಜೂಕು ಅನ್ನಿಸಿಕೊಂಡ ಬಣ್ಣವನ್ನೇ ಬೇಕೆಂದು ಆರಿಸಿಕೊಂಡಿದ್ದರು.

ವಯಸ್ಸು 58, ನನ್ನದು ಎಣ್ಣೆಗಪ್ಪು. ಒಂದು ರಾಣಿ ಬಣ್ಣದ ಮೈಸೂರು ಸಿಲ್ಕ್ ಮೇಲೆ ಮನಸ್ಸಾಗಿದೆ. ಒಪ್ಪುತ್ತಾ? ಸೊಸೆ ಏನಂದುಕೊಳ್ತಾಳೋ ಅಂತ ಅಳುಕು.
– ಓದುಗರು, ಮಲ್ಲೇಶ್ವರ

ತುಂಬಾ ಒಪ್ಪುತ್ತೆ. ಎಣ್ಣೆಗಪ್ಪಿನ ಮೇಲೆ ರಾಣಿ ಬಣ್ಣ ಕಾಣುವ ಹಾಗೆ ಬೆಳ್ಳನೆ ಮೈಮೇಲೆ ಕಾಣುವುದಿಲ್ಲ ಅಂತ ನನ್ನ ಅಭಿಪ್ರಾಯ. ನೀವು ದೂರ ಇಡಬೇಕಾದ್ದು ಪೌಡರ್ ಬೆರೆಸಿದಂಥ ಮಂಕು ಬೇಬಿ ಪಿಂಕನ್ನು. ಅದು ಮುಖದ ಹತ್ತಿರ ಬಂದರೆ ಕಳೆ ಕುಂದಿಸುತ್ತದೆ. ಬ್ಲೌಸ್ ರಾಣಿಯೇ ಬೇಡ, ಗಿಳಿಹಸಿರು ಹೊಲಿಸಿ. ತಾವರೆ ಪಕ್ಕ ಎಲೆ ಇದ್ದ ಹಾಗೆ.

ಸೊಸೆಯ ವಿಷಯ: ಸೀರೆಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಮೊದಲ ಸಲ ನೀವು ಉಡುವ ಮುಂಚೆ ಅವಳೇ ಉಟ್ಟುಕೊಂಡು ಹೋದಾಳು.