ಉಪ್ಪು ತಿಂದ ಎಂಜಿನ್‌ ನೀರು ಕುಡಿಯಲೇಬೇಕು

ಪ್ರಶ್ನೆ: ನಮ್ಮದು ನಾಡದೋಣಿ, ದೋಣಿಯ ಹಿಂಬದಿಗೆ ಸಿಕ್ಕಿಸುವ, ಸೀಮೆಎಣ್ಣೆಯಲ್ಲಿ ಓಡುವ 9.9 ಎಚ್‌ಪಿ ಔಟ್‌ಬೋರ್ಡ್‌. ಕಡಲಿಂದ ಬಂದು ದಿನಾ ಡ್ರಮ್ಮಿನಲ್ಲಿ ಸಿಹಿನೀರು ಕೊಟ್ಟು ಓಡಿಸುತ್ತೇವೆ. ಆದರೂ ಎರಡನೇ ವರ್ಷಕ್ಕೇ ಎಂಜಿನ್‌ ತಣಿಸಿದ ನೀರು ಹಿಂದಿನ ತೂತಿನಿಂದ ಹಾರುವುದು ಕಡಿಮೆಯಾಗಿ ಎಂಜಿನ್‌ ಬಿಸಿಯಾಗುತ್ತಿದೆ. ತಪ್ಪುವುದೆಲ್ಲಿ? (ಕೋಡಿಬೆಂಗ್ರೆ)

ಉತ್ತರ: ಮೊದಲು ಡ್ರಮ್ಮಿಗೆ ತುಂಬುವ ನೀರನ್ನು ನಾಲಗೆಗೆ ಹಚ್ಚಿ ನೋಡಿ. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು ಇರುವ ನಿಮ್ಮ ಕಡೆ ಬೇಸಗೆಯಲ್ಲಿ ಬಾವಿ ನೀರು ಸವುಳಾಗುವುದುಂಟು. ಆ ನೀರಲ್ಲಿ ತೊಳೆದರೆ ಉಪ್ಪಿಗೆ ಉಪ್ಪೇ ಸೇರುತ್ತದೆ. ಮಾರ್ಚ್‌ ಕಳೆದ ಮೇಲೆ ನಳ್ಳಿ ನೀರೇ ಬಳಸಿ. ಒಂದೇ 200 ಲೀಟರ್‌ ಡ್ರಮ್ಮಿನಲ್ಲಿ ನಾಲ್ಕೈದು ದೋಣಿಯವರು ಸರದಿಯಲ್ಲಿ ಎಂಜಿನ್‌ ಇಳಿಸಿದರೂ ಕೊನೆಯವರ ಪಾಲಿಗೆ ಸಿಗುವುದು ಮಸಿ, ಎಣ್ಣೆ ತೇಲುವ ಉಪ್ಪುನೀರೇ.

ಎರಡನೆಯದು ಸಮಯ. ಎರಡು ನಿಮಿಷ ಓಡಿಸಿ ಬಂದ್‌ ಮಾಡುವವರೇ ಹೆಚ್ಚು. ಥರ್ಮೋಸ್ಟಾಟ್‌ (ಬಿಸಿಗೆ ತೆರೆಯುವ ಕವಾಟ) ಇರುವ ಎಂಜಿನ್‌ನಲ್ಲಿ, ಬ್ಲಾಕ್‌ ಬಿಸಿಯಾಗಿ ಅದು ತೆರೆಯುವ ತನಕ ಸಿಹಿನೀರು ಸಿಲಿಂಡರ್‌ ಸುತ್ತ ಸರಿಯಾಗಿ ಹರಿಯುವುದೇ ಇಲ್ಲ. ಒಳಗೆ ಉಳಿದ ಕಡಲ ನೀರು ಆವಿಯಾಗಿ, ಉಪ್ಪು ಹರಳುಗಟ್ಟಿ ಕಲ್ಲಾಗುತ್ತದೆ. ಹಾಗಾಗಿ ನ್ಯೂಟ್ರಲ್‌ನಲ್ಲಿ, ಐಡಲ್‌ ವೇಗದಲ್ಲಿ 10 ನಿಮಿಷ ಓಡಲಿ. ನೀರು ಎಳೆಯುವ ಜಾಲರಿಯ ಮೇಲೆ ಒಂದು ಗೇಣಾದರೂ ನೀರು ನಿಂತಿರಬೇಕು. ನೀರಿಲ್ಲದೆ ಓಡಿದರೆ ಪಂಪಿನ ರಬ್ಬರ್‌ ಇಂಪೆಲ್ಲರ್‌ (ನೀರೆಳೆಯುವ ರೆಕ್ಕೆಚಕ್ರ) ಕೆಲವೇ ಸೆಕೆಂಡಿನಲ್ಲಿ ಸುಟ್ಟುಹೋಗುತ್ತದೆ. ತೊಳೆದಾದ ಮೇಲೆ ಎಂಜಿನನ್ನು ನೆಟ್ಟಗೆ ನಿಲ್ಲಿಸಿ, ಒಳಗಿನ ನೀರೆಲ್ಲ ಬಸಿಯಲಿ. ಕವರ್‌ ತೆಗೆದು ಪೈಪಿನಿಂದ ಮೇಲೆ ನೀರು ಹೊಡೆಯಬೇಡಿ, ಅದು ವೈರಿಂಗಿಗೆ ಮಾರಿ.

ಈಗಾಗಲೇ ಉಪ್ಪು ಕಟ್ಟಿದ್ದಕ್ಕೆ: ನೀರು ಹಾರುವ ತೂತಿಗೆ ಬಲೆಯ ದಪ್ಪ ನೈಲಾನ್‌ ದಾರ ತೂರಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಆಗದಿದ್ದರೆ ಥರ್ಮೋಸ್ಟಾಟ್‌ ಬಿಚ್ಚಿ ವಿನೆಗರ್‌ನಲ್ಲಿ ನೆನೆಹಾಕಿ ಉಜ್ಜಿ. ಬಿಸಿನೀರಿಗೆ ಹಾಕಿದಾಗ ತೆರೆಯದಿದ್ದರೆ ಹೊಸದು ಹಾಕಿ. ಇಂಪೆಲ್ಲರ್‌ ರೆಕ್ಕೆಗಳು ಒಂದೇ ಕಡೆಗೆ ಬಾಗಿಯೇ ಉಳಿದಿದ್ದರೆ ಅದರ ಆಯಸ್ಸು ಮುಗಿಯಿತು. ಕಡಲಿಗೆ ಹೋಗುವ ಎಂಜಿನ್‌ಗೆ ವರ್ಷಕ್ಕೊಂದು ಇಂಪೆಲ್ಲರ್‌ ಅತಿಯಲ್ಲ.

ಪ್ರಶ್ನೆ: ಎಂಜಿನ್‌ ಕಾಲಿಗೆ (ನೀರಲ್ಲಿ ಮುಳುಗುವ ಕೆಳಭಾಗಕ್ಕೆ) ಹಾಕಿದ ಜಿಂಕ್‌ ತುಂಡು ಒಂದು ವರ್ಷವಾದರೂ ಹೊಸದರಂತೆಯೇ ಇದೆ. ಒಳ್ಳೆಯ ಮಾಲು ಎಂದುಕೊಳ್ಳಬಹುದೇ? (ಹೆಜಮಾಡಿ)

ಉತ್ತರ: ಖುಷಿಪಡಬೇಡಿ. ಜಿಂಕ್‌ ಇರುವುದೇ ಸವೆಯುವುದಕ್ಕೆ. ಕಡಲ ನೀರಲ್ಲಿ ಬೇರೆ ಬೇರೆ ಲೋಹಗಳು ತಾಗಿಕೊಂಡಿದ್ದರೆ ಸಣ್ಣ ಬ್ಯಾಟರಿಯೇ ಆಗುತ್ತದೆ. ಆಗ ಅಲ್ಯೂಮಿನಿಯಂ ಕಾಲಿನ ಬದಲು ಜಿಂಕ್‌ ಕರಗಬೇಕು. ಅದು ಕರಗುತ್ತಿಲ್ಲವೆಂದರೆ ಕಾಲು ಕರಗುತ್ತಿರಬಹುದು. ಪೈಂಟ್‌ ಕೆಳಗೆ ಬಿಳಿ ಹುಡಿಯ ಗುಳ್ಳೆ ಎದ್ದಿದೆಯೇ ನೋಡಿ.

ಕಾರಣ ಹೆಚ್ಚಾಗಿ ಎರಡೇ. ದೋಣಿಗೆ ಪೈಂಟ್‌ ಹೊಡೆಯುವಾಗ ಜಿಂಕಿಗೂ ಬಳಿದಿರುತ್ತಾರೆ. ಇಲ್ಲವೇ ಜಿಂಕ್‌ ಕೂರುವ ಜಾಗದಲ್ಲಿ ಪೈಂಟ್‌, ತುಕ್ಕು ಸೇರಿ ಲೋಹಕ್ಕೆ ಲೋಹ ತಾಗುವುದಿಲ್ಲ. ಬಿಚ್ಚಿ, ಎರಡೂ ಮುಖವನ್ನು ಉಪ್ಪುಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ, ಬೋಲ್ಟ್‌ ಬಿಗಿಯಿರಿ. ಮಲ್ಟಿಮೀಟರಿನಲ್ಲಿ ಜಿಂಕಿಗೂ ಎಂಜಿನ್‌ ಬಾಡಿಗೂ ನಡುವೆ ಅಳೆದರೆ ಒಂದು ಓಮ್‌ಗಿಂತ ಕಡಿಮೆ ತೋರಿಸಬೇಕು. ಅರ್ಧ ಸವೆದಾಗ ಬದಲಿಸಿ. ಅಂಗಡಿಯಲ್ಲಿ ಮೆಗ್ನೀಷಿಯಂ ತುಂಡು ಕೊಟ್ಟರೆ ಬೇಡವೆನ್ನಿ, ಅದು ಸಿಹಿನೀರಿಗೆ. ಕಡಲಲ್ಲಿ ಬೇಗ ಕರಗಿಹೋಗುತ್ತದೆ. ತಳಕ್ಕೆ ಹಾಕುವ ತಾಮ್ರದ ಪೈಂಟನ್ನಂತೂ ಅಲ್ಯೂಮಿನಿಯಂ ಕಾಲಿಗೆ ತಾಗಿಸಲೇಬೇಡಿ.

ಪ್ರಶ್ನೆ: ಗೇರ್‌ ಆಯಿಲ್‌ ಹಾಲು ಹಾಕಿದ ಚಹಾದಂತೆ ಬರುತ್ತಿದೆ. (ಮಲ್ಪೆ)

ಉತ್ತರ: ನೀರು ಹೊಕ್ಕಿದೆ. ಪ್ರೊಪೆಲ್ಲರ್‌ ಬಿಚ್ಚಿ ಶಾಫ್ಟ್‌ ನೋಡಿ: ಬಲೆಯ ದಾರ ಸುತ್ತಿ ಸೀಲ್‌ ಕೊಯ್ದಿರುತ್ತದೆ. ಸೀಲ್‌ ಬದಲಿಸದೆ ಬರೀ ಆಯಿಲ್‌ ಬದಲಿಸಿದರೆ ದುಡ್ಡು ದಂಡ. ಹೊಸ ಆಯಿಲನ್ನು ಕೆಳಗಿನ ತೂತಿನಿಂದಲೇ ಒತ್ತಿ, ಮೇಲಿನ ತೂತಿನಲ್ಲಿ ಗುಳ್ಳೆಯಿಲ್ಲದೆ ಹೊರಬರುವ ತನಕ ತುಂಬಿ. ಸ್ಕ್ರೂ ವಾಷರ್‌ ಎರಡೂ ಹೊಸದಿರಲಿ. ಸೀಲ್‌ ಸರಿಯಿದ್ದರೂ 100 ಗಂಟೆಗೊಮ್ಮೆ ಬದಲಿಸಿ.

ಪ್ರಶ್ನೆ: ಮಳೆಗಾಲದ ಮೀನುಗಾರಿಕೆ ರಜೆಯಲ್ಲಿ, ಜೂನ್‌ 1ರಿಂದ ಜುಲೈ 31ರವರೆಗೆ, ಟ್ರಾಲ್‌ ಬೋಟ್‌ ದಕ್ಕೆಯಲ್ಲೇ (ಬಂದರುಕಟ್ಟೆಯಲ್ಲೇ) ಇರುತ್ತದೆ. ಡೀಸೆಲ್‌ ಎಂಜಿನ್‌ಗೆ ಹಳೆ ಆಯಿಲ್‌ ಬಳಿದಿಟ್ಟರೆ ಸಾಕೇ? (ಮಂಗಳೂರು)

ಉತ್ತರ: ಸಾಲದು, ಅದರ ಅಗತ್ಯವೂ ಇಲ್ಲ. ಓಡಿದ ಆಯಿಲ್‌ನಲ್ಲಿ ಆಮ್ಲ, ನೀರಿನಂಶ ಇರುತ್ತದೆ. ಅದೇ ಕಾರಣಕ್ಕೆ ಆಯಿಲ್‌ ಮತ್ತು ಫಿಲ್ಟರನ್ನು ರಜೆ ಮುಗಿದ ಮೇಲಲ್ಲ, ರಜೆಗೆ ಮೊದಲೇ ಬದಲಿಸಿ 10 ನಿಮಿಷ ಓಡಿಸಿ. ಡೀಸೆಲ್‌ ಟ್ಯಾಂಕ್‌ ಬಹುತೇಕ ತುಂಬಿರಲಿ. ಖಾಲಿ ಜಾಗದಲ್ಲಿ ಮಳೆಗಾಲದ ಗಾಳಿ ಬೆವರಿ ನೀರು ಇಳಿಯುತ್ತದೆ. ಹೀಟ್‌ ಎಕ್ಸ್‌ಚೇಂಜರ್‌ (ಕಡಲ ನೀರಿನಿಂದ ಎಂಜಿನ್‌ ಒಳಗಿನ ನೀರನ್ನು ತಣಿಸುವ ಭಾಗ) ಇರುವ ಎಂಜಿನ್‌ ಆದರೆ ಅದರ ಜಿಂಕ್‌ ಕಡ್ಡಿ ಬಿಚ್ಚಿ ನೋಡಿ. ಕಡಲ ನೀರಿನ ಲೈನ್‌ಗೆ ಸಿಹಿನೀರು ಹರಿಸಿ ಪೂರ್ತಿ ಬಸಿಯಿರಿ. ಬ್ಯಾಟರಿಯ ನೆಗೆಟಿವ್‌ ಕಳಚಿ.

ಪಂಪಿನ ಇಂಪೆಲ್ಲರ್‌ ಎರಡು ತಿಂಗಳು ಒತ್ತಿಕೊಂಡೇ ಇದ್ದರೆ ರೆಕ್ಕೆ ಮುದುಡುತ್ತದೆ, ಹೊರತೆಗೆದಿಡಿ. ತೆಗೆದದ್ದನ್ನು ಎಂಜಿನ್‌ ಕೀಗೇ ಕಟ್ಟಿಡಿ. ಇಲ್ಲದಿದ್ದರೆ ಆಗಸ್ಟ್‌ 1ರ ಗಡಿಬಿಡಿಯಲ್ಲಿ ಅದಿಲ್ಲದೆಯೇ ಯಾರಾದರೂ ಸ್ಟಾರ್ಟ್‌ ಹೊಡೆದುಬಿಡುತ್ತಾರೆ.